ಗೋಡೆಯಿಲ್ಲದ ಸಭಾಭವನದಲ್ಲಿ ಎಲ್ಲರೂ ಸಮಾನರೇ? ಪೆಸಿಫಿಕ್ ದ್ವೀಪಗಳ ಸಭಾಮನೆಗಳ ಕುರಿತು ಒಂದು ಪ್ರಶ್ನೆ

ಸೋಗೆಮಾಡು (ಚರ್ಚೆ ಆರಂಭಿಸಿದವರು)

ಪೆಸಿಫಿಕ್ ದ್ವೀಪಗಳ ಸಭಾಮನೆಗಳ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಓದಿದಲ್ಲೆಲ್ಲ ಒಂದೇ ಹೊಗಳಿಕೆ ಎದುರಾಗುತ್ತದೆ: ಅಲ್ಲಿ ಗೋಡೆಯಿಲ್ಲ, ವೇದಿಕೆಯಿಲ್ಲ, ಕುರ್ಚಿಯಿಲ್ಲ, ಎಲ್ಲರೂ ಚಾಪೆ ಹಾಸಿಕೊಂಡು ನೆಲದ ಮೇಲೆ ಕೂರುತ್ತಾರೆ, ಒಮ್ಮತ ಮೂಡುವವರೆಗೆ ಮಾತನಾಡುತ್ತಾರೆ, ಆದ್ದರಿಂದ ಅದು ಪ್ರಜಾಪ್ರಭುತ್ವದ ಶುದ್ಧ ರೂಪ. ಕಿರಿಬಾಟಿ ದೇಶದ ಮನೆಯಾಬಾ ಎಂಬ ಸಭಾಮನೆಯ ಸೂರು ಎಷ್ಟು ಕೆಳಗೆ ಇಳಿದಿರುತ್ತದೆಯೆಂದರೆ ಎಂಥ ದೊಡ್ಡ ಮನುಷ್ಯನೇ ಬಂದರೂ ಬೆನ್ನು ಬಗ್ಗಿಸದೆ ಒಳಗೆ ಕಾಲಿಡುವಂತಿಲ್ಲ. ಇದನ್ನೂ ಸಮಾನತೆಯ ಲೆಕ್ಕಕ್ಕೇ ಸೇರಿಸುತ್ತಾರೆ. ಆದರೆ ಅದೇ ಬರಹಗಳನ್ನು ಸ್ವಲ್ಪ ಮುಂದಕ್ಕೆ ಓದಿದರೆ, ಪ್ರತಿ ಕುಲಕ್ಕೂ ನೆಲದ ಮೇಲೆ ನಿಗದಿಯಾದ ಜಾಗವಿದೆ, ಇನ್ನೊಬ್ಬರ ಜಾಗದಲ್ಲಿ ಕೂತರೆ ಅದು ದೊಡ್ಡ ತಪ್ಪು ಎಂಬ ಮಾತೂ ಬರುತ್ತದೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ತಿಳಿದವರು ಹೇಳಬೇಕು.

ಹವಳದಿಬ್ಬ

ಮನೆಯಾಬಾದ ನೆಲ ಹೊರಗಿನವರಿಗೆ ಖಾಲಿಯಾಗಿ ಕಾಣಿಸುತ್ತದೆ, ಆದರೆ ಅದರಲ್ಲಿ ಒಂದು ಮೊಳದಷ್ಟು ಜಾಗವೂ ಯಾರದ್ದೂ ಅಲ್ಲದ್ದಲ್ಲ. ಸೂರಿನ ಅಂಚಿನುದ್ದಕ್ಕೂ, ಮಾಡಿನ ಒಂದೊಂದು ಅಂಕಣದ ಕೆಳಗೆ ಒಂದೊಂದು ಕುಲಕ್ಕೆ ಸೇರಿದ ಜಾಗವಿರುತ್ತದೆ. ಅದಕ್ಕೆ ಬೋತಿ ಎಂದು ಹೆಸರು. ಅಲ್ಲಿ ಕೂರುವ ಹಕ್ಕು ವಂಶದಿಂದ, ಮುಖ್ಯವಾಗಿ ತಂದೆಯ ಕಡೆಯಿಂದ, ಭೂಮಿಯ ಹಕ್ಕಿನ ಜೊತೆಜೊತೆಗೇ ಇಳಿದು ಬರುತ್ತದೆ. ನೆಲದ ಮೇಲೆ ಗೆರೆ ಎಳೆದಿರುವುದಿಲ್ಲ, ಕಂಬದ ಮೇಲೆ ಹೆಸರು ಬರೆದಿರುವುದಿಲ್ಲ, ಆದರೂ ತನ್ನ ಜಾಗ ಯಾವುದೆಂದು ತಿಳಿಯದ ಮನುಷ್ಯ ಆ ಊರಿನವನೇ ಅಲ್ಲ ಎಂದು ಅರ್ಥ.

ಬೋತಿಯೆಂದರೆ ಕೂರುವ ಜಾಗವಷ್ಟೇ ಅಲ್ಲ, ಕೆಲಸದ ಹಂಚಿಕೆಯೂ ಹೌದು. ಮೊದಲು ಮಾತು ತೆಗೆಯುವವರು ಒಂದು ಕುಲದವರು, ಊಟ ಹಂಚುವವರು ಇನ್ನೊಂದು ಕುಲದವರು. ಹಲವು ಮನೆಯಾಬಾಗಳಲ್ಲಿ ಮೊದಲ ಮಾತೂ ಕೊನೆಯ ಮಾತೂ ಕಾರೊಂಗೋವಾ ಕುಲದ್ದು. ಅಲ್ಲಿ ವಸಾಹತು ಅಧಿಕಾರಿಯಾಗಿದ್ದು ಮುಂದೆ ವಿದ್ವಾಂಸರಾದ ಹ್ಯಾರಿ ಮೌಡ್ 1963ರಲ್ಲಿ ಈ ಪದ್ಧತಿಯ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಅದನ್ನು ಓದಿದವರು ಯಾರೂ "ಶುದ್ಧ ಪ್ರಜಾಪ್ರಭುತ್ವ" ಎಂಬ ಮಾತನ್ನು ಸುಲಭವಾಗಿ ಆಡುವುದಿಲ್ಲ.

ತುಂಗಾತೀರ

ನೆಲದ ಮೇಲೆ ಕೂತರೆ ಎಲ್ಲರೂ ಸಮಾನರೆಂದು ಬರೆಯುವವರು ನಮ್ಮ ಊಟದ ಪಂಕ್ತಿಗಳನ್ನು ಕಂಡಿಲ್ಲವೆಂದು ತೋರುತ್ತದೆ.

ಅಂಕಣಕಾರ್ತಿ

ತುಂಗಾತೀರ ಅವರ ಚುಚ್ಚುಮಾತು ಚೆನ್ನಾಗಿದೆ, ಆದರೆ ಹವಳದಿಬ್ಬ ಅವರು ಒಂದು ಮುಖ್ಯ ಸಂಗತಿಯನ್ನು ಬಿಟ್ಟಿದ್ದಾರೆ. ಕಿರಿಬಾಟಿಯ ಉತ್ತರದ ಮತ್ತು ನಡುವಿನ ದ್ವೀಪಗಳಲ್ಲಿ ರಾಜರಿದ್ದರು. ಅಬೆಮಾಮಾ ದ್ವೀಪದ ತೆಂ ಬಿನೋಕಾ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದೂಕಿನ ಬಲದಿಂದ ಆಳುತ್ತಿದ್ದವನು. ದಕ್ಷಿಣದ ದ್ವೀಪಗಳಲ್ಲಿ ರಾಜರಿರಲಿಲ್ಲ, ಉನಿಮಾನೆ ಎಂದು ಕರೆಯುವ ಹಿರಿಯರ ಸಭೆಯೇ ಮನೆಯಾಬಾದಲ್ಲಿ ಕೂತು ಊರನ್ನು ನಡೆಸುತ್ತಿತ್ತು. ತಬಿತೆಉಏಯಾ ದ್ವೀಪದವರು ತಮ್ಮಲ್ಲಿ ರಾಜನಿಲ್ಲವೆಂಬುದನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಬ್ಬ ಅರಸನ ಮರ್ಜಿಯಲ್ಲಿ ಬದುಕುವುದಕ್ಕೂ, ಪ್ರತಿ ಕುಲಕ್ಕೂ ಕಸಿದುಕೊಳ್ಳಲಾಗದ ಒಂದು ಜಾಗವಿರುವ ಮಾಡಿನ ಕೆಳಗೆ ಬದುಕುವುದಕ್ಕೂ ವ್ಯತ್ಯಾಸವಿಲ್ಲವೇ? ನಿಗದಿಯಾದ ಜಾಗವನ್ನು ಬರೀ ಶ್ರೇಣಿಯೆಂದು ನೋಡಬೇಡಿ. ಬಡ ಕುಲದವನನ್ನೂ ಅಲ್ಲಿಂದ ಎಬ್ಬಿಸಲು ಯಾರಿಗೂ ಹಕ್ಕಿಲ್ಲ ಎಂಬುದು ಅದರ ಇನ್ನೊಂದು ಮುಖ.

ತುಂಗಾತೀರ

ಎಬ್ಬಿಸುವುದಿಲ್ಲ, ಒಪ್ಪುತ್ತೇನೆ. ಅವನು ಬಾಯಿ ತೆರೆದರೆ ಕೇಳುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಅವನ ಹೆಂಡತಿಯ ಮಾತನ್ನಂತೂ ಕೇಳುವುದೇ ಬೇಡ, ಏಕೆಂದರೆ ಹಳೆಯ ಪದ್ಧತಿಯಲ್ಲಿ ಹೆಂಗಸರು ಗಂಡಸರ ಹಿಂದೆ ಕೂರುತ್ತಿದ್ದರು, ಸಭೆಯಲ್ಲಿ ಮಾತು ಹಿರಿಯ ಗಂಡಸರದ್ದಾಗಿತ್ತು.

ನಾರಿನಹುರಿ

ನಾನು ಸಮೋವಾದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಪ್ರಶ್ನೆಗೆ ಅಲ್ಲಿಯಷ್ಟು ಸ್ಪಷ್ಟವಾದ ಉತ್ತರ ಬೇರೆಡೆ ಸಿಗುವುದಿಲ್ಲ. ಅಲ್ಲಿಯ ಸಭಾಮನೆಗೆ ಫಲೆ ತೆಲೆ ಎನ್ನುತ್ತಾರೆ. ಕಲ್ಲಿನ ಜಗಲಿಯ ಮೇಲೆ ಸುತ್ತಲೂ ಕಂಬಗಳು, ಮೇಲೆ ಗುಮ್ಮಟದಂಥ ಮಾಡು, ಗೋಡೆಯೇ ಇಲ್ಲ. ಮಳೆ ಗಾಳಿ ಬಂದರೆ ತೆಂಗಿನ ಗರಿಯ ತಟ್ಟಿಗಳನ್ನು ಕೆಳಗೆ ಇಳಿಬಿಡುತ್ತಾರೆ, ನಿಂತ ಮೇಲೆ ಮತ್ತೆ ಎತ್ತಿ ಕಟ್ಟುತ್ತಾರೆ. ಊರಿನ ಮತಾಯಿಗಳು, ಅಂದರೆ ಪದವಿ ಪಡೆದ ಕುಟುಂಬದ ಯಜಮಾನರು, ಸಭೆ ಸೇರಿದಾಗ ಒಬ್ಬೊಬ್ಬರೂ ಒಂದೊಂದು ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಯಾವ ಕಂಬ ಯಾರದ್ದು ಎಂಬುದು ಪದವಿಯ ಮೇಲೆ ನಿಂತಿರುತ್ತದೆ. ದುಂಡಗಿನ ಎರಡು ತುದಿಗಳು ಅಲಿಯಿ ಎಂಬ ಉನ್ನತ ಪದವಿಯವರದ್ದು. ಊರಿನ ಅಂಗಳಕ್ಕೆ ಮುಖ ಮಾಡಿರುವ ಮುಂದಿನ ಕಂಬಗಳು ತುಲಾಫಲೆ ಎಂಬ ವಾಗ್ಮಿಗಳದ್ದು. ಹಿಂಬದಿಯಲ್ಲಿ ಅವಾ ಎಂಬ ಬೇರಿನ ಪಾನೀಯವನ್ನು ಕಲಸಿ ಹಂಚುವವರು ಕೂರುತ್ತಾರೆ. ಅವಾ ಬಟ್ಟಲು ಯಾರಿಗೆ ಮೊದಲು ಹೋಗುತ್ತದೆ, ಯಾರಿಗೆ ಆಮೇಲೆ ಎಂಬುದರಲ್ಲೇ ಆ ಊರಿನ ಇತಿಹಾಸವೆಲ್ಲ ಅಡಗಿರುತ್ತದೆ, ಮತ್ತು ಆ ಕ್ರಮ ತಪ್ಪಿದರೆ ಬರುವ ಮನಸ್ತಾಪ ತಲೆಮಾರುಗಟ್ಟಲೆ ಉಳಿಯುತ್ತದೆ.

ಆದ್ದರಿಂದ ಫಲೆಯ ಕಂಬಗಳನ್ನು ಎಣಿಸುತ್ತಾ ಹೋದರೆ ನಿಮಗೆ ಸಿಗುವುದು ಊರಿನ ಪದವಿಗಳ ಪಟ್ಟಿ. ಹೊಸ ಪದವಿ ಬಂದವನು ಸಭೆಯಲ್ಲಿ ಮಾತನಾಡುವ ಮೊದಲು ಕಲಿಯಬೇಕಾದದ್ದು ಎಲ್ಲಿ ಕೂರಬೇಕೆಂಬುದನ್ನು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ಸಭೆ ನಡೆಯುವಾಗ ಮುದುಕರ ಕೈ ಸುಮ್ಮನಿರುವುದಿಲ್ಲ. ನೆನೆಹಾಕಿ ಬಡಿದು ಒಣಗಿಸಿದ ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆಯುತ್ತಾ, ಎಳೆಗಳನ್ನು ಹೆಣೆಯುತ್ತಾ ಅಫಾ ಎಂಬ ಹುರಿಯನ್ನು ಮಾಡುತ್ತಿರುತ್ತಾರೆ. ಮನೆಯ ತೊಲೆ ಜಂತಿಗಳನ್ನೆಲ್ಲ ಮೊಳೆ ಬಳಸದೆ ಬಿಗಿಯುವುದು ಅದೇ ಹುರಿಯಿಂದ. ಮಾತು ಎಷ್ಟು ಉದ್ದವಾಯಿತೋ ಹುರಿಯೂ ಅಷ್ಟು ಉದ್ದವಾಗುತ್ತದೆ, ಅದು ಮುಂದಿನ ಮನೆಗೆ ಒದಗುತ್ತದೆ. ನಮ್ಮ ಸಂಘಗಳ ವಾರ್ಷಿಕ ಸಭೆಗಳಲ್ಲಿಯೂ ಇಂಥ ಒಂದು ಏರ್ಪಾಡಿದ್ದರೆ ಇಷ್ಟು ಹೊತ್ತಿಗೆ ನೂರು ಮನೆ ಕಟ್ಟಬಹುದಿತ್ತು.

ಬೇಲೂರುಗಾಳಿ

ಗೋಡೆಯಿಲ್ಲದಿರುವುದರಲ್ಲಿ ಒಂದು ಲಾಭವಿದೆ: ಒಳಗೆ ಏನು ತೀರ್ಮಾನವಾಗುತ್ತಿದೆಯೆಂದು ಹೊರಗೆ ನಿಂತವರಿಗೂ ಕಾಣಿಸುತ್ತದೆ, ಕೇಳಿಸುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ನಡೆಯುವ ಸಂಪುಟ ಸಭೆಗಿಂತ ಇದು ವಾಸಿಯಲ್ಲವೇ?

ನಾರಿನಹುರಿ

ಬೇಲೂರುಗಾಳಿ ಅವರೇ, ಹೊರಗಿನವರಿಗೆ ಒಳಗಿನದು ಕಾಣುತ್ತದೆ, ನಿಜ. ಒಳಗಿನವರಿಗೂ ಹೊರಗಿನದೆಲ್ಲ ಕಾಣುತ್ತದೆ. ಯಾರು ಚರ್ಚಿಗೆ ಹೋಗಲಿಲ್ಲ, ಯಾರ ಮನೆಯ ಮುಂದೆ ಯಾರು ನಿಂತಿದ್ದರು ಎಂಬುದೆಲ್ಲ ಸಭೆಗೆ ಗೊತ್ತಿರುವ ಊರಿನಲ್ಲಿ ಗುಟ್ಟೆಂಬುದೇ ಇರುವುದಿಲ್ಲ. ನೀವು ಪಾರದರ್ಶಕತೆ ಎನ್ನುತ್ತೀರಿ, ಅಲ್ಲಿಯ ಹದಿಹರೆಯದವರು ಕಾವಲು ಎನ್ನಬಹುದು.

ಆಕ್ಲೆಂಡಿನಕನ್ನಡಿಗ

ನಾನು ಕೆಲಸದ ನಿಮಿತ್ತ ನ್ಯೂಜಿಲೆಂಡಿನಲ್ಲಿ ನೆಲೆಸಿದ್ದೇನೆ, ಆದ್ದರಿಂದ ಇಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳ ಸಭಾಮನೆಯಾದ ಫರೆನುಯಿಯ ವಿಷಯ ಹೇಳುತ್ತೇನೆ. ಇದಕ್ಕೆ ಗೋಡೆಗಳಿವೆ, ಚಳಿಯ ದೇಶವಲ್ಲವೇ. ಮನೆಯೇ ಒಬ್ಬ ಪೂರ್ವಜನ ದೇಹ ಎಂಬ ಭಾವನೆಯಲ್ಲಿ ಅದನ್ನು ಕಟ್ಟುತ್ತಾರೆ. ಮುಂಬದಿಯ ತುದಿಯಲ್ಲಿರುವ ಕೆತ್ತನೆಯ ಮುಖ ಆ ಪೂರ್ವಜನದು, ಅದರಿಂದ ಎರಡೂ ಕಡೆಗೆ ಇಳಿಯುವ ಹಲಗೆಗಳು ಅವನ ತೋಳುಗಳು, ಹಲಗೆಯ ತುದಿಯಲ್ಲಿ ಬೆರಳುಗಳೂ ಇರುತ್ತವೆ. ಮಾಡಿನ ನಡುವಿನ ತೊಲೆ ಬೆನ್ನೆಲುಬು, ಜಂತಿಗಳು ಪಕ್ಕೆಲುಬು. ಒಳಗೆ ಗೋಡೆಯುದ್ದಕ್ಕೂ ನಿಂತಿರುವ ಕೆತ್ತನೆಯ ಹಲಗೆಗಳಲ್ಲಿ ಒಬ್ಬೊಬ್ಬ ಹಿರಿಯನಿದ್ದಾನೆ. ರಾತ್ರಿ ಆ ಹಲಗೆಗಳ ಕೆಳಗೇ ಹಾಸಿಗೆ ಹಾಸಿ ಮಲಗುತ್ತಾರೆ. ಸತ್ತವರ ದೇಹವನ್ನು ಮನೆಯವರು ಒಂಟಿಯಾಗಿ ಬಿಡದೆ ಹಲವು ದಿನ ಕಾಯುವುದೂ ಮರಾಯೆಯಲ್ಲೇ, ಅಂದರೆ ಈ ಮನೆಯೂ ಅದರ ಮುಂದಿನ ಅಂಗಳವೂ ಸೇರಿದ ಆವರಣದಲ್ಲೇ. ಒಳಗೆ ಪಾದರಕ್ಷೆಯಿಲ್ಲ, ಊಟವಿಲ್ಲ. ಊಟದ ಮನೆ ಪ್ರತ್ಯೇಕ.

ನಮ್ಮ ಕಚೇರಿಯವರೆಲ್ಲ ಒಮ್ಮೆ ಒಂದು ಮರಾಯೆಗೆ ಹೋಗಿದ್ದೆವು. ಮೊದಲು ಒಳಗಿನಿಂದ ಹೆಂಗಸಿನ ಉದ್ದನೆಯ ಕರೆ ಕೇಳಿಸಬೇಕು, ಅದಕ್ಕೆ ನಮ್ಮ ಕಡೆಯ ಹೆಂಗಸು ಉತ್ತರ ಕೊಡಬೇಕು, ಆಮೇಲೆಯೇ ಅಂಗಳದೊಳಗೆ ಹೆಜ್ಜೆ. ದಾವಣಗೆರೆಯಿಂದ ಹೊಸದಾಗಿ ಬಂದಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಮುಂದಿನ ಸಾಲಿನ ಬೆಂಚು ಖಾಲಿಯಿದೆಯೆಂದು ಹೋಗಿ ಆರಾಮವಾಗಿ ಕೂತುಬಿಟ್ಟರು. ಅದು ಅತಿಥಿಗಳ ಪರವಾಗಿ ಭಾಷಣ ಮಾಡುವವರ ಸಾಲು. ಆತಿಥೇಯರ ಕಡೆಯ ಒಬ್ಬ ಅಜ್ಜ ನಗುತ್ತಾ "ಹಾಗಾದರೆ ನೀವೇ ಮಾತನಾಡುತ್ತೀರೋ?" ಎಂದು ಕೇಳಿದ ಮೇಲೆ ಅವರು ಎದ್ದರು.

ಅಂಕಣಕಾರ್ತಿ

ಆ ಮುಂದಿನ ಸಾಲಿನ ವಿಷಯವನ್ನೇ ನಾನೂ ಎತ್ತಬೇಕೆಂದಿದ್ದೆ. ಬಹುತೇಕ ಬುಡಕಟ್ಟುಗಳಲ್ಲಿ ಅಂಗಳದ ಔಪಚಾರಿಕ ಭಾಷಣ ಗಂಡಸರದ್ದು. 1998ರಲ್ಲಿ, ಆಗ ವಿರೋಧ ಪಕ್ಷದ ನಾಯಕಿಯಾಗಿದ್ದ ಹೆಲೆನ್ ಕ್ಲಾರ್ಕ್ ವೈತಾಂಗಿಯ ಮರಾಯೆಯಲ್ಲಿ ಮಾತನಾಡಲು ಹೊರಟಾಗ ಆಕ್ಷೇಪ ಬಂದು, ಅವರು ಕಣ್ಣೀರು ಹಾಕಿದ್ದು ದೇಶವೆಲ್ಲ ನೋಡಿದ ಘಟನೆ. ಮುಂದೆ ಪ್ರಧಾನಿಯಾದ ಹೆಂಗಸಿನ ಗತಿಯೇ ಹೀಗಾದರೆ, ಸೋಗೆಮಾಡು ಅವರ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ.

ಆಕ್ಲೆಂಡಿನಕನ್ನಡಿಗ

ಅಷ್ಟು ಬೇಗ ಕಡತ ಮುಚ್ಚಬೇಡಿ. ಅಂದು ಆಕ್ಷೇಪ ಎತ್ತಿದವರು ಮಾವೊರಿ ಹೋರಾಟಗಾರ್ತಿ ತಿತೆವ್ಹೈ ಹರವೀರಾ, ಅವರೂ ಹೆಂಗಸೇ. ನಮ್ಮ ಹೆಂಗಸರಿಗೇ ಇಲ್ಲಿ ಮಾತನಾಡಲು ಅವಕಾಶವಿಲ್ಲದಿರುವಾಗ ಹೊರಗಿನ ಹೆಂಗಸಿಗೆ ಏಕೆ ಎಂಬುದು ಅವರ ವಾದವಾಗಿತ್ತು. ಅದು ಗಂಡು ಹೆಣ್ಣಿನ ಜಗಳವಷ್ಟೇ ಆಗಿರಲಿಲ್ಲ. ಅಲ್ಲದೆ ಪೂರ್ವ ಕರಾವಳಿಯ ನಾತಿ ಪೊರೌ ಬುಡಕಟ್ಟಿನಲ್ಲಿ ಉನ್ನತ ವಂಶದ ಹೆಂಗಸರು ಅಂಗಳದಲ್ಲಿ ನಿಂತು ಭಾಷಣ ಮಾಡುವ ಪದ್ಧತಿಯಿದೆ. ಎಲ್ಲ ಮರಾಯೆಗಳಿಗೂ ಒಂದೇ ನಿಯಮವೆಂದು ಬರೆಯುವುದು ತಪ್ಪಾಗುತ್ತದೆ.

ಕರಾವಳಿಯವಳು

ಹೆಂಗಸರ ಮಾತು ಬಂದಿರುವುದರಿಂದ ಪಲಾವು ದೇಶವನ್ನು ಮರೆಯಬಾರದು. ಅಲ್ಲಿಯ ಸಭಾಮನೆಗೆ ಬಾಯ್ ಎಂದು ಹೆಸರು. ಬಾಯ್‌ನಲ್ಲಿ ಸಭೆ ಸೇರುವ ಮುಖ್ಯಸ್ಥರು ಗಂಡಸರೇ. ಮೊದಲ ನಾಲ್ವರನ್ನು ಮನೆಯ ನಾಲ್ಕು ಮೂಲೆಗಂಬಗಳೆಂದೇ ಭಾವಿಸುತ್ತಾರೆ. ಆದರೆ ವಂಶ ತಾಯಿಯ ಕಡೆಯಿಂದ ಸಾಗುತ್ತದೆ, ಮತ್ತು ಯಾವ ಗಂಡಸಿಗೆ ಪದವಿ ಕೊಡಬೇಕೆಂದು ಆರಿಸುವವರು ಕುಲದ ಹಿರಿಯ ಹೆಂಗಸರು. ನಡತೆ ಸರಿಯಿಲ್ಲದಿದ್ದರೆ ಕೆಳಗಿಳಿಸುವವರೂ ಅವರೇ. ಹಾಗಿರುವಾಗ ಒಳಗೆ ಕೂತವರನ್ನಷ್ಟೇ ಎಣಿಸಿ ಅಧಿಕಾರ ಯಾರದ್ದೆಂದು ಹೇಳಲಾದೀತೇ?

ಬಾಯ್‌ಗಳ ಚೆಲುವಿನ ಬಗ್ಗೆ ಬರೆಯದಿದ್ದರೆ ಮನಸ್ಸು ಒಪ್ಪುವುದಿಲ್ಲ. ಕಡಿದಾದ ಮಾಡಿನ ಕೆಳಗೆ ತ್ರಿಕೋನಾಕಾರದ ಮುಂಬದಿಯ ಹಲಗೆಗಳ ಮೇಲೆ ಊರಿನ ಕಥೆಗಳನ್ನು ಸಾಲುಸಾಲಾಗಿ ಕೆತ್ತಿ ಬಣ್ಣ ಹಚ್ಚಿರುತ್ತಾರೆ. ಒಳಗಿನ ಅಡ್ಡತೊಲೆಗಳ ಮೇಲೂ ಅದೇ. ಐರಾಯ್ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದ ಬಾಯ್ ಇನ್ನೂ ನಿಂತಿದೆ. ಜಪಾನಿನ ಆಳ್ವಿಕೆಯ ಕಾಲದಲ್ಲಿ, 1929ರಲ್ಲಿ ಬಂದ ಶಿಲ್ಪಿ ಹಿಜಿಕಾತಾ ಹಿಸಾಕಾತ್ಸು ಈ ಕಥೆಗಳನ್ನು ಚಿಕ್ಕ ಹಲಗೆಗಳ ಮೇಲೆ ಕೆತ್ತಲು ಅಲ್ಲಿಯ ಹುಡುಗರಿಗೆ ಕಲಿಸಿದರು. ಇಂದು ಪ್ರವಾಸಿಗರು ಕೊಂಡೊಯ್ಯುವ ಕಥಾಹಲಗೆಗಳು ಹೀಗೆ ಸಭಾಮನೆಯಿಂದ ಇಳಿದು ಬಂದವು.

ಬೇಲೂರುಗಾಳಿ

ಹಾಗಾದರೆ ಪಪುವಾ ನ್ಯೂ ಗಿನಿಯ ಹೌಸ್ ತಂಬರಾನ್ ಅನ್ನೂ ಈ ಪಟ್ಟಿಗೆ ಸೇರಿಸಬೇಕು. ಆ ದೇಶದ ಸಂಸತ್ ಭವನವನ್ನೇ ಅದರ ಮಾದರಿಯಲ್ಲಿ ಕಟ್ಟಿದ್ದಾರೆ, 1984ರಲ್ಲಿ ಉದ್ಘಾಟನೆಯಾಯಿತು.

ಹವಳದಿಬ್ಬ

ಸೇರಿಸುವಂತಿಲ್ಲ. ಸೆಪಿಕ್ ಪ್ರದೇಶದ ಹೌಸ್ ತಂಬರಾನ್ ದೀಕ್ಷೆ ಪಡೆದ ಗಂಡಸರ ಆರಾಧನೆಯ ಮನೆ. ಹೆಂಗಸರಿಗೂ ದೀಕ್ಷೆಯಾಗದ ಹುಡುಗರಿಗೂ ಅಲ್ಲಿ ಪ್ರವೇಶವಿರಲಿಲ್ಲ. ಒಳಗೆ ಏನಿದೆಯೆಂಬುದು ಹೊರಗಿನವರಿಗೆ ತಿಳಿಯದಿರುವುದೇ ಅದರ ಬಲವಾಗಿತ್ತು. ಇಡೀ ಊರು ಸೇರುವ ಮನೆಯಾಬಾದ ಪಕ್ಕದಲ್ಲಿ ಅದನ್ನು ಇಡುವುದು ಸರಿಯಲ್ಲ.

ಬೇಲೂರುಗಾಳಿ

ಗಂಡಸರು ಅಲ್ಲಿ ಕೂತು ಊರಿನ ವ್ಯವಹಾರವನ್ನು ಚರ್ಚಿಸುತ್ತಿದ್ದರು ಎಂಬುದೂ ನಿಜವಲ್ಲವೇ? ನೀವು ನಿಯಮವನ್ನು ಇಷ್ಟು ಬಿಗಿ ಮಾಡಿದರೆ ಯಾಪ್ ದ್ವೀಪದ ಕಡಲತೀರದ ಗಂಡಸರ ಮನೆಗಳೂ ಹೊರಗೆ ಹೋಗುತ್ತವೆ, ಹೆಂಗಸರು ಮಾತನಾಡದ ಮನೆಯಾಬಾ ಮಾತ್ರ ಒಳಗೆ ಉಳಿಯುತ್ತದೆ. ಅದೆಂಥ ನ್ಯಾಯ?

ಸಂಸತ್ ಭವನದ ಕಥೆಯನ್ನೂ ಪೂರ್ತಿ ಹೇಳುತ್ತೇನೆ. 2013ರಲ್ಲಿ ಸಭಾಧ್ಯಕ್ಷ ಥಿಯೋ ಜುರೆನೊಕ್ ಅದರ ಬಾಗಿಲ ಮೇಲಿನ ಕೆತ್ತನೆಗಳು ಕ್ರೈಸ್ತ ಧರ್ಮಕ್ಕೆ ವಿರುದ್ಧವೆಂದು ತೆಗೆಸಿ ಹಾಕಿದರು. ದೇಶಕ್ಕೆ ಸ್ವಾತಂತ್ರ್ಯ ತಂದ ಮೈಕೆಲ್ ಸೊಮಾರೆ ಅವರೇ ಕಟುವಾಗಿ ಖಂಡಿಸಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು, ಸಭಾಧ್ಯಕ್ಷರು ಮಾಡಿದ್ದು ತಪ್ಪೆಂದು 2016ರಲ್ಲಿ ತೀರ್ಪು ಬಂತು. ಹಳ್ಳಿಯ ಪೂಜೆಯ ಮನೆ ರಾಜಧಾನಿಗೆ ಬಂದು ಕಾಂಕ್ರೀಟಾದ ಮೇಲೂ ಜನ ಅದರ ಶಕ್ತಿಗೆ ಹೆದರುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸುಣ್ಣಗಾರೆ

ನಾನು ವೃತ್ತಿಯಿಂದ ಕಟ್ಟಡ ಕಟ್ಟುವವನು, ಕೂರುವ ಕ್ರಮಕ್ಕಿಂತ ಕಟ್ಟುವ ಕ್ರಮವೇ ನನ್ನ ಆಸಕ್ತಿ. ಹವಳದ ದಿಬ್ಬದ ಮೇಲೆ ದೊಡ್ಡ ಮರವಿಲ್ಲ, ಕಬ್ಬಿಣವಿಲ್ಲ, ಜೇಡಿಮಣ್ಣಿಲ್ಲ. ಇರುವುದು ತೆಂಗು, ಕೇದಗೆಯ ಜಾತಿಯ ಗಿಡ ಮತ್ತು ಹವಳದ ಕಲ್ಲು. ಅಷ್ಟರಲ್ಲೇ ಊರಿಗೆ ಊರೇ ಕೂರುವ ಮಾಡನ್ನು ಎತ್ತುತ್ತಾರೆಂದರೆ ಅದು ಸಾಮಾನ್ಯ ಕೌಶಲವಲ್ಲ. ಹವಳದ ಚಪ್ಪಡಿಗಳನ್ನು ಅಂಚಿನ ಕಂಬಗಳಾಗಿ ನಿಲ್ಲಿಸಿ, ತೆಂಗಿನ ತೊಲೆಗಳನ್ನು ನಾರಿನ ಹುರಿಯಿಂದ ಬಿಗಿದು, ಕೇದಗೆಯ ಎಲೆಗಳನ್ನು ಕಡ್ಡಿಯ ಮೇಲೆ ಮಡಚಿ ಹೊಲಿದ ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸುತ್ತಾರೆ. ಸೂರು ತಗ್ಗಾಗಿರುವುದರಿಂದ ಗಾಳಿಯೊಂದಿಗೆ ಬರುವ ಮಳೆ ಒಳಗೆ ಎರಚುವುದಿಲ್ಲ, ಸಮುದ್ರದ ಬಿಸಿಲಿನ ಝಳ ಕಣ್ಣಿಗೆ ಬಡಿಯುವುದಿಲ್ಲ, ಬಿಸಿಗಾಳಿ ಎತ್ತರದ ಮಾಡಿಗೆ ಏರುತ್ತದೆ. ತಲೆ ಬಗ್ಗಿಸಿ ಒಳಗೆ ಬರುವುದಕ್ಕೆ ಸಮಾನತೆಯ ಅರ್ಥ ಹಚ್ಚುವ ಮೊದಲು ಈ ಮಳೆಯ ಲೆಕ್ಕವನ್ನೂ ನೋಡಬೇಕು.

ಈಗ ಹಲವು ಕಡೆ ತಗಡಿನ ಮಾಡು, ಸಿಮೆಂಟಿನ ನೆಲ. ತಗಡು ಬಹುಕಾಲ ಬಾಳುತ್ತದೆ, ಮಳೆ ನೀರನ್ನು ತೊಟ್ಟಿಗೆ ಹಿಡಿಯಬಹುದು, ಕುಡಿಯುವ ನೀರಿಗೆ ಬರವಿರುವ ದ್ವೀಪದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಮಧ್ಯಾಹ್ನ ಒಳಗೆ ಬೇಯುತ್ತದೆ, ಮಳೆ ಬಂದರೆ ಎದುರಿಗೆ ಕೂತವರ ಮಾತೂ ಕೇಳಿಸುವುದಿಲ್ಲ. ಮಾತನಾಡುವುದಕ್ಕೆಂದೇ ಕಟ್ಟಿದ ಮನೆಗೆ ಇದು ಸಣ್ಣ ದೋಷವಲ್ಲ.

ಸೋಗೆಮಾಡು

ತಗಡಿನ ಮಾಡು ಬಂದ ಮೇಲೂ ಬೋತಿಯ ಕ್ರಮ ಉಳಿಯುತ್ತದೆಯೇ?

ಹವಳದಿಬ್ಬ

ಹಳ್ಳಿಯ ಹಳೆಯ ಮನೆಯಾಬಾದಲ್ಲಿ ಮಾಡು ಯಾವುದರದ್ದಾದರೂ ಕ್ರಮ ಉಳಿಯಬಲ್ಲದು, ಏಕೆಂದರೆ ಅದು ಹುಲ್ಲಿನಲ್ಲಿಲ್ಲ, ವಂಶಾವಳಿಯಲ್ಲಿದೆ. ಚರ್ಚುಗಳ, ಸರ್ಕಾರದ ಮನೆಯಾಬಾಗಳ ಮಾತು ಬೇರೆ. ಅಲ್ಲಿ ಬೇರೆ ಬೇರೆ ದ್ವೀಪದವರು ಸೇರುತ್ತಾರೆ, ಕುಲದ ಅಂಕಣಗಳಿಗೆ ಆಧಾರವೇ ಇರುವುದಿಲ್ಲ. ದೇಶದ ಸಂಸತ್ತಿಗೂ ಮನೆಯಾಬಾ ನಿ ಮೌಂಗತಾಬು ಎಂದೇ ಹೆಸರು. ಅಲ್ಲಿ ಜಾಗ ಸಿಗುವುದು ಮತದಿಂದ.

ಆಕ್ಲೆಂಡಿನಕನ್ನಡಿಗ

ಮನೆಯೊಂದು ತನ್ನ ಜನರಿಂದ ದೂರವಾದರೆ ಏನಾಗುತ್ತದೆ ಎಂಬುದಕ್ಕೆ ಮಾತಾಆತುವಾ ಎಂಬ ಫರೆನುಯಿಯ ಕಥೆಯನ್ನು ಕೇಳಿ. ನಾತಿ ಆವಾ ಬುಡಕಟ್ಟಿನವರು ಅದನ್ನು ಫಾಕಟಾನೆಯಲ್ಲಿ 1875ರಲ್ಲಿ ತೆರೆದರು. ಸರ್ಕಾರ ಅದನ್ನು 1879ರಲ್ಲಿ ಸಿಡ್ನಿಯ ವಸ್ತುಪ್ರದರ್ಶನಕ್ಕೆ ಕಳುಹಿಸಿತು. ಅಲ್ಲಿ ಕಟ್ಟಿದವರು ನೋಡುಗರಿಗೆ ಅನುಕೂಲವಾಗಲೆಂದು ಒಳಗಿನ ಕೆತ್ತನೆಗಳನ್ನು ಹೊರಮುಖವಾಗಿ ತಿರುಗಿಸಿ ನಿಲ್ಲಿಸಿದರು. ಪೂರ್ವಜರ ಹೊಟ್ಟೆಯನ್ನು ಬಗೆದು ಬೀದಿಗೆ ಹರಡಿದಂತಾಯಿತು. ಆಮೇಲೆ ಮೆಲ್ಬರ್ನ್, ಅಲ್ಲಿಂದ ಲಂಡನ್, 1924ರಲ್ಲಿ ವೆಂಬ್ಲಿಯ ಸಾಮ್ರಾಜ್ಯ ಪ್ರದರ್ಶನ. ನ್ಯೂಜಿಲೆಂಡಿಗೆ ಮರಳಿದ ಮೇಲೂ ಊರಿಗೆ ಹೋಗದೆ ದಕ್ಷಿಣದ ಡನೀಡಿನ್ ನಗರದ ವಸ್ತುಸಂಗ್ರಹಾಲಯದಲ್ಲಿ ಸುಮಾರು ಎಪ್ಪತ್ತು ವರ್ಷ ಕಳೆಯಿತು. ಬುಡಕಟ್ಟಿನ ಕೈಗೆ ಬಂದದ್ದು 1996ರಲ್ಲಿ, ಫಾಕಟಾನೆಯಲ್ಲಿ ಮತ್ತೆ ಬಾಗಿಲು ತೆರೆದದ್ದು 2011ರಲ್ಲಿ.

ಕರಾವಳಿಯವಳು

ಹಿನೆಮಿಹಿ ಎಂಬ ಇನ್ನೊಂದು ಫರೆನುಯಿಯ ಕಥೆಯೂ ಇಂಥದ್ದೇ, ಆದರೆ ಅದಕ್ಕೆ ಇನ್ನೊಂದು ತಿರುವಿದೆ. 1886ರ ಜೂನ್ 10ರಂದು ತಾರವೇರಾ ಜ್ವಾಲಾಮುಖಿ ಸಿಡಿದಾಗ ತೆ ವೈರೋವಾ ಹಳ್ಳಿಯ ಜನ ಓಡಿಹೋಗಿ ಜೀವ ಉಳಿಸಿಕೊಂಡದ್ದು ಆ ಮನೆಯೊಳಗೆ. 1892ರಲ್ಲಿ ಗವರ್ನರ್ ಆಗಿದ್ದ ಲಾರ್ಡ್ ಆನ್ಸ್ಲೋ ಅದನ್ನು ಕೊಂಡು ಇಂಗ್ಲೆಂಡಿನ ತಮ್ಮ ಬಂಗಲೆಯ ತೋಟಕ್ಕೆ ಸಾಗಿಸಿದರು. ತೋಟದ ಅಲಂಕಾರವಾಗಿ ನಿಂತ ಅದೇ ಮನೆಯ ಮುಂದೆ ಆಮೇಲೆ ಲಂಡನ್ನಿನ ಮಾವೊರಿಗಳು ಸೇರತೊಡಗಿದರು, ಅದು ಅವರ ಸಭಾಮನೆಯಾಯಿತು. ಜನ ಸೇರಿದರೆ ಪರದೇಶದಲ್ಲೂ ಮನೆ ಮನೆಯಾಗುತ್ತದೆ.

ತುಂಗಾತೀರ

ಭಾವುಕತೆ ಸಾಕು, ಅಧಿಕಾರದ ವಿಷಯಕ್ಕೆ ಬನ್ನಿ. ಈ ಮನೆಗಳಲ್ಲಿ ಕೂತವರ ಮಾತಿಗೆ ಇಂದು ಕಾನೂನಿನ ಬೆಲೆಯಿದೆಯೇ, ಇಲ್ಲವೇ?

ನಾರಿನಹುರಿ

ಸಮೋವಾದಲ್ಲಿ ಇದೆ. ಊರಿನ ಸಭೆಗಳ ಅಧಿಕಾರವನ್ನು 1990ರಲ್ಲಿ ಕಾಯ್ದೆ ಮಾಡಿಯೇ ಮಾನ್ಯ ಮಾಡಿದ್ದಾರೆ. ಅದೇ ವರ್ಷ ಜನಮತಗಣನೆ ನಡೆದು ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂತು, ಆದರೆ ಚುನಾವಣೆಗೆ ನಿಲ್ಲುವ ಹಕ್ಕು ಮತಾಯಿಗಳಿಗೇ ಉಳಿಯಿತು. ಊರಿನ ಸಭೆ ದಂಡ ಹಾಕಬಹುದು. ಬಹಿಷ್ಕಾರದ ಪ್ರಕರಣಗಳು, ವಿಶೇಷವಾಗಿ ಹೊಸ ಚರ್ಚಿಗೆ ಸೇರಿದ ಕುಟುಂಬಗಳನ್ನು ಊರಿನಿಂದ ಹೊರಹಾಕಿದ ಪ್ರಕರಣಗಳು, ಸಂವಿಧಾನದ ಧಾರ್ಮಿಕ ಸ್ವಾತಂತ್ರ್ಯದ ಆಧಾರದ ಮೇಲೆ ನ್ಯಾಯಾಲಯಗಳ ಮೆಟ್ಟಿಲೇರಿವೆ.

ಅಂಕಣಕಾರ್ತಿ

ತುವಾಲು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. 1997ರ ಕಾಯ್ದೆಯ ಪ್ರಕಾರ ಪ್ರತಿ ದ್ವೀಪದ ಸಾಂಪ್ರದಾಯಿಕ ಸಭೆಯಾದ ಫಲೆಕೌಪುಲೆಯೇ ಸ್ಥಳೀಯ ಆಡಳಿತದ ಮೂಲ. ನಾನುಮಾಂಗಾ ದ್ವೀಪದ ಫಲೆಕೌಪುಲೆ ಹೊಸದಾಗಿ ಬಂದ ಒಂದು ಕ್ರೈಸ್ತ ಪಂಥಕ್ಕೆ ಅವಕಾಶವಿಲ್ಲವೆಂದು ತೀರ್ಮಾನಿಸಿದಾಗ ಆ ಪಂಥದ ಪಾದ್ರಿ ನ್ಯಾಯಾಲಯಕ್ಕೆ ಹೋದರು. ಹೈಕೋರ್ಟ್ ಸಭೆಯ ಪರವಾಗಿ ನಿಂತಿತು, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಪಾದ್ರಿಯ ಪರವಾಗಿ ತೀರ್ಪು ಕೊಟ್ಟಿತು.

ತುಂಗಾತೀರ

ಹಾಗಾದರೆ ಚಾಪೆಯ ಮೇಲೆ ಕೂತವರ ಒಮ್ಮತಕ್ಕಿಂತ ಕುರ್ಚಿಯ ಮೇಲೆ ಕೂತ ನ್ಯಾಯಾಧೀಶರೇ ದೊಡ್ಡವರಾದರು. ನನ್ನ ಮಟ್ಟಿಗೆ ಇದು ಒಳ್ಳೆಯದೇ ಆಯಿತು, ಏಕೆಂದರೆ ಒಮ್ಮತಕ್ಕೆ ಒಪ್ಪದ ಒಬ್ಬನಿಗೆ ಆ ಮಾಡಿನ ಕೆಳಗೆ ಜಾಗವೇ ಇರಲಿಲ್ಲ.

ಅಂಕಣಕಾರ್ತಿ

ಅಷ್ಟಕ್ಕೇ ಮುಗಿಯಲಿಲ್ಲ. ತೀರ್ಪು ಬಂದ ಮರುವರ್ಷವೇ, 2010ರಲ್ಲಿ, ತುವಾಲು ಸಂಸತ್ತು ಹೊಸ ಕಾಯ್ದೆ ತಂದು ದ್ವೀಪದ ಸಂಪ್ರದಾಯಕ್ಕೆ ಧಕ್ಕೆಯಾಗುತ್ತದೆಯೆಂದು ಕಂಡರೆ ಹೊಸ ಧಾರ್ಮಿಕ ಸಂಸ್ಥೆಗಳನ್ನು ನಿರ್ಬಂಧಿಸುವ ಅಧಿಕಾರವನ್ನು ಫಲೆಕೌಪುಲೆಗಳಿಗೆ ಮತ್ತೆ ಕೊಟ್ಟಿತು.